ಕಾದ ಇಸ್ತ್ರಿಪೆಟ್ಟಿಗೆ

ಗಂಡ ಕುತ್ತಿಗೆ ಹಿಸುಕಿದಾಗ ಹೊಲಿಗೆಯವಳು ಕೈಗೆ ಸಿಕ್ಕ ಕಾದ ಇಸ್ತ್ರಿಪೆಟ್ಟಿಗೆಯನ್ನು ಅವನ ಕೆನ್ನೆಗೆ ಒತ್ತಿಬಿಟ್ಟಳು. ಚರ್ಮ ಸುಲಿದುಬಂತು. ಅವನು ಪೊಲೀಸರಿಗೆ ದೂರು ಕೊಟ್ಟ.

ಮರುದಿನ ಅವಳು ವಕೀಲೆಯ ಬಳಿ ಹೊರಟಾಗ ಅವಳ ಅಕ್ಕ, ಕುತ್ತಿಗೆ ತೋರಿಸಿದ ಆಸ್ಪತ್ರೆಯ ಚೀಟಿ, ಎಳೆದಾಟದಲ್ಲಿ ಹರಿದ ರವಿಕೆ ಚೀಲಕ್ಕೆ ತುಂಬಿ, "ಇಸ್ತ್ರಿ ತಾನಾಗೇ ಬಿತ್ತು ಅನ್ನು. ಬಾಯಿ ಬಿಟ್ರೆ ಬಣ್ಣಗೇಡು" ಎಂದು ಜೊತೆಗೇ ಬಂದಳು.

"ಏನಾಯ್ತಮ್ಮ?" ವಕೀಲೆ ಕೇಳಿದರು.

ಅವಳು ಕೊರಳಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದಳು. ಬೆರಳುಗಳ ಗುರುತು ನೀಲಿಗಟ್ಟಿತ್ತು.

"ಇದು ಅವನು ಮಾಡಿದ್ದು. ಅವನನ್ನ ಸುಟ್ಟಿದ್ದು ನಾನೇ, ಬೇಕಂತಲೇ. ಇಲ್ದಿದ್ರೆ ಸತ್ತೇಹೋಗ್ತಿದ್ದೆ."

ಅಕ್ಕ ಹಣೆ ಚಚ್ಚಿಕೊಂಡಳು.

"ನಿಜ ಹೇಳಿದ್ದು ಒಳ್ಳೇದಾಯ್ತು. ಜೀವ ಉಳಿಸ್ಕೊಳ್ಳೋಕೆ ಮಾಡಿದ್ದನ್ನ ಕೋರ್ಟಿಗೆ ಹೇಳಬಹುದು. ಸುಳ್ಳು ಹೇಳಿ ಸಿಕ್ಕಿಬಿದ್ರೆ ನಾನೂ ಕಾಪಾಡೋಕಾಗಲ್ಲ" ಎಂದ ವಕೀಲೆ ಕೇಸು ಒಪ್ಪಿಕೊಂಡು ನೀರು ಕೊಟ್ಟರು. ನುಂಗುವಾಗ ಅವಳ ಗಂಟಲು ಇನ್ನೂ ಉರಿಯುತ್ತಿತ್ತು.