ಭಾನುವಾರದ ಜರ್ಮನ್ ಸಿನಿಮಾ

ಸಿನಿಮಾದ ನಡುವೆ ಇವರ ದನಿ ಒಡೆಯಿತು. ಅಲ್ಲಿಂದ ಶುರು.

ಊರು ಬಿಟ್ಟು ಬಂದು ನೆಲೆಸಿದ ಈ ಪರದೇಶದಲ್ಲಿ, ನಮ್ಮ ಲ್ಯಾವಿಂಗ್ಟನ್ ಮನೆಯಲ್ಲಿ, ಭಾನುವಾರ ಊಟವಾದ ಮೇಲೆ ಜರ್ಮನ್ ಸಿನಿಮಾ ನೋಡುವುದು ರೂಢಿ. ನನ್ನ ಯಜಮಾನರು ಪ್ರಾಯದಲ್ಲಿ ಜರ್ಮನಿಯಲ್ಲಿ ಎಂಜಿನಿಯರಿಂಗ್ ಓದಿದವರು. ಅಲ್ಲಿಂದ ತರಿಸಿದ ವಿಡಿಯೊ ಕ್ಯಾಸೆಟ್‌ಗಳು ಕಪಾಟಿನ ತುಂಬ. ಎಲ್ಲವೂ ಎರಡನೇ ಮಹಾಯುದ್ಧ ಮುಗಿದ ಹೊಸದರಲ್ಲಿ ತೆಗೆದವು. ದೇಶವೆಲ್ಲ ಬಾಂಬು ಬಿದ್ದು ಹಾಳಾಗಿದ್ದರೂ ಇವುಗಳಲ್ಲಿ ಮಾತ್ರ ಹಸಿರು ಗುಡ್ಡ, ಹಸು, ಜಗಳವಾಡುವ ಅಣ್ಣತಮ್ಮಂದಿರು, ಕೊನೆಗೊಂದು ಮದುವೆ. ನನಗೆ ಜರ್ಮನ್ ಬಾರದು. ಇವರು ಪಕ್ಕದಲ್ಲಿ ಕೂತು ಒಂದೊಂದು ಮಾತನ್ನೂ ಕನ್ನಡದಲ್ಲಿ ಹೇಳುತ್ತಿದ್ದರು. "ಸ್ವಲ್ಪ ಸುಮ್ನಿರ್ರೀ, ನೋಡೋಕೆ ಬಿಡಿ" ಎಂದು ನಾನೇ ಎಷ್ಟೋ ಸಲ ರೇಗಿದ್ದೇನೆ.

ಇಲ್ಲಿ ಜುಲೈನಲ್ಲೇ ಚಳಿ, ಅದಕ್ಕೆ ಗಂಟಲು ಕಟ್ಟಿದೆ ಅಂದುಕೊಂಡೆ. ಮೆಣಸಿನ ಕಷಾಯ ಕುಡಿಸಿದೆ, ಒಂದು ತಿಂಗಳಲ್ಲ, ನಾಲ್ಕು ತಿಂಗಳು. ಈಗ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಕೊನೆಗೆ ಆಸ್ಪತ್ರೆಗೆ ಹೋದೆವು, ಗಂಟಲಿನ ಬಯಾಪ್ಸಿ ರಿಪೋರ್ಟ್ ಬಂತು. ಕ್ಯಾನ್ಸರ್.

ಲ್ಯಾರಿಂಕ್ಸ್, ಅಂದರೆ ಧ್ವನಿಪೆಟ್ಟಿಗೆ, ಪೂರ್ತಿ ತೆಗೆಯಬೇಕು, ಜೀವ ಉಳಿಯಬಹುದು, ದನಿ ಉಳಿಯುವುದಿಲ್ಲ ಎಂದರು ಸರ್ಜನ್. ಇವರು ಒಪ್ಪಲಿಲ್ಲ. "ಮಾತೇ ಇಲ್ದೆ ಬದುಕಿ ಏನ್ ಮಾಡ್ಲಿ?" ಅಂದರು. "ನಂಗೆ ನೀವು ಬೇಕು. ಮಾತು ಹೋದ್ರೆ ಹೋಗ್ಲಿ" ಎಂದು ಎರಡು ವಾರ ಬೆನ್ನುಬಿದ್ದೆ. ಮಗಳು ಅನಿತಾ ಕೂಡ "ಪ್ಲೀಸ್, ಡ್ಯಾಡ್" ಅಂದಳು. ಕೊನೆಗೆ ಆಪರೇಷನ್ನಿಗೆ ಸಹಿ ಹಾಕಿದರು. ಹಾಕಿಸಿದವಳು ನಾನು.

ಆಪರೇಷನ್ ಮುಗಿದು ಎಚ್ಚರವಾದಾಗ ಇವರ ತುಟಿ ಆಡಿತು. ಸದ್ದಿಲ್ಲ.

"ಪೋಲೆ ಸಾನಾ, ಮಾಮಾ" ಎಂದು ನರ್ಸ್ ನನ್ನ ಕೈ ಹಿಡಿದುಕೊಂಡಳು. ತುಂಬ ಬೇಜಾರಾಯ್ತು ಅಮ್ಮಾ ಅಂತ, ಇಲ್ಲಿಯವರ ಸಮಾಧಾನದ ಮಾತು ಅದು. ನನಗೆ ಆಗ ಯಾರ ಮಾತೂ ಬೇಡವಾಗಿತ್ತು. ಮನೆಗೆ ಬಂದ ಮೇಲೆ ಕುತ್ತಿಗೆಯ ಟ್ಯೂಬಿನಿಂದ ಕಫ ಎಳೆಯುವ ಸಕ್ಷನ್, ಡ್ರೆಸ್ಸಿಂಗ್, ಮಿಕ್ಸಿಗೆ ಹಾಕಿದ ಅನ್ನ, ಇದರಲ್ಲೇ ದಿನ ಕಳೆಯುತ್ತಿತ್ತು. ಇವರು ಗೋಡೆ ನೋಡಿಕೊಂಡು ಕೂತಿರುತ್ತಿದ್ದರು. ಸ್ಲೇಟು ಕೊಟ್ಟರೂ ಬರೆಯುತ್ತಿರಲಿಲ್ಲ. ನನ್ನ ಮೇಲೆ ಕೋಪವೆಂದೇ ತಿಳಿದಿದ್ದೆ.

ಸದ್ಯಕ್ಕೆ ಸ್ಕ್ಯಾನ್‌ನಲ್ಲಿ ಏನೂ ಇಲ್ಲ ಎಂದಿದ್ದಾರೆ. ಅಷ್ಟಕ್ಕೇ ದೇವರಿಗೆ ತುಪ್ಪದ ದೀಪ ಹಚ್ಚಿದೆ.

ಹೋದ ಭಾನುವಾರ ಅನಿತಾ ಹಳೆಯದೊಂದು ಕ್ಯಾಸೆಟ್ ಹಾಕಿದಳು. ಇವರು ಎದ್ದು ಹೋಗುತ್ತಾರೇನೋ ಅಂದುಕೊಂಡೆ. ಹೋಗಲಿಲ್ಲ. ಇವರ ಹಾಗೆ ನಾನೇ ಕನ್ನಡದಲ್ಲಿ ಮಾತು ಹೇಳತೊಡಗಿದೆ, ನನಗೆಲ್ಲ ಬಾಯಿಪಾಠ. ಯುದ್ಧದಿಂದ ಮರಳಿದ ರೈತ ಕೊಟ್ಟಿಗೆಯ ಬಾಗಿಲಲ್ಲಿ ಹೆಂಡತಿಯೊಡನೆ ಮಾತಾಡುವ ಜಾಗ ಬಂತು. ಆ ಒಂದು ಮಾತಿಗಾಗಿಯೇ ನಾನು ಆ ಸಿನಿಮಾ ನೋಡುತ್ತಿದ್ದುದು.

"ನೀನಿರೋ ಕಡೆನೇ ನನ್ನೂರು ಕಣೇ" ಅಂದೆ.

ಇವರು ಸ್ಲೇಟು ಎಳೆದುಕೊಂಡು ಬರೆದರು: "ಅವನು ಹಾಗೆ ಹೇಳೋದಿಲ್ಲ. ಮಳೆ ಬರುತ್ತೆ, ಒಣಹುಲ್ಲು ಒಳಗೆ ಹಾಕು ಅಂತಾನೆ, ಅಷ್ಟೇ."

ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಇಷ್ಟು ವರ್ಷ ನಾನು ಕೇಳಿದ್ದು ಆ ರೈತನದಲ್ಲ, ಇವರದೇ ಮಾತು. ಇನ್ನು ಅದನ್ನು ಆ ದನಿಯಲ್ಲಿ ಕೇಳುವಂತಿಲ್ಲ.

"ನಂಗೇ ನೇರವಾಗಿ ಹೇಳ್ಬಾರ್ದಿತ್ತೇನ್ರೀ?" ಎಂದೆ.

ಒರೆಸಿ ಬರೆದರು: "ಪ್ರತಿ ಭಾನುವಾರ ಹೇಳ್ತಿದ್ನಲ್ಲ."