ಮೂರು ದಿನದ ಬಟ್ಟಲು

ನಮ್ಮ ಹಳೆಯ ಫ್ರಿಜ್ಜಿನ ಮೋಟಾರು ನಿಲ್ಲುವಾಗ ಅದರ ಮೈಯೆಲ್ಲ ಒಮ್ಮೆ ಅದುರುತ್ತಿತ್ತು. ಆಗ ಒಳಗಿದ್ದ ಹದಿನೈದು ಸ್ಟೀಲ್ ಬಟ್ಟಲುಗಳು ಒಂದಕ್ಕೊಂದು ತಾಗಿ ಝಲ್ ಎನ್ನುತ್ತಿದ್ದವು. ಮಾದಾಪುರದ ಕಡೆ ಬಂಡೆ ಸಿಡಿಸಿ ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ಕಾಲ ಅದು. ಕೂಕಟ್‌ಪಲ್ಲಿಯ ನಮ್ಮ ಫ್ಲ್ಯಾಟಿನವರೆಗೂ ಢಂ ಎಂದು ಕೇಳಿ ಗೋಡೆಯ ಕ್ಯಾಲೆಂಡರ್ ಅಲ್ಲಾಡುತ್ತಿತ್ತು. ಅದಕ್ಕೆ ಹೊಂದಿಕೊಂಡಿದ್ದೆ. ಬಟ್ಟಲುಗಳ ಝಲ್‌ಗೆ ಮಾತ್ರ ಆಗಲಿಲ್ಲ. ಓದುತ್ತಿದ್ದ ಪುಸ್ತಕ ಕೆಳಗಿಟ್ಟು, ಯಾರೋ ಒಳಗೆ ಬಂದರೇನೋ ಎಂಬಂತೆ ತಿರುಗಿ ನೋಡುತ್ತಿದ್ದೆ. ಆ ಬಟ್ಟಲುಗಳನ್ನು ನನ್ನ ಫ್ರಿಜ್ಜಿನಲ್ಲಿ ಇಡಿಸಿದವರು ಶಿವಶರಣಪ್ಪನವರು.

ಅವರು ನಮ್ಮ ಮೇಲಿನ ಮಹಡಿಯವರು, ರಾಯಚೂರು ಕಡೆಯವರು. ಬಡಕಲು ಮೈ, ಹೆಗಲಿಗೊಂದು ಖಾಕಿ ಚೀಲ. ಅಂಗಿಯ ಜೇಬಿನಲ್ಲಿ ಎರಡು ಪೆನ್ನು ಇದ್ದಂತೆ ಕಾಣುತ್ತಿತ್ತು. ಒಂದು ಪೆನ್ನು, ಇನ್ನೊಂದು ಥರ್ಮಾಮೀಟರು. ಜನರ ಆರೋಗ್ಯ, ಜನರ ಊಟ ಎರಡನ್ನೂ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಕೆಲಸ. ಎಲ್ಲಾದರೂ ಹತ್ತಾರು ಜನ ಒಟ್ಟಿಗೆ ಕಾಯಿಲೆ ಬಿದ್ದರೆ, ಯಾಕೆ ಬಿದ್ದರು ಎಂದು ಹುಡುಕಲು ಇವರು ಹೊರಡುತ್ತಿದ್ದರು. ಅದೇನು ಅಂಥ ದೊಡ್ಡ ಕೆಲಸ, ಡಾಕ್ಟರುಗಳಿಲ್ಲವೇ ಎಂದು ನಾನೊಮ್ಮೆ ಕೇಳಿದ್ದೆ.

"ಡಾಕ್ಟರ್‌ಗ ತನ್ನ ಮುಂದ ಕುಂತ ಪೇಷಂಟ್ ಒಬ್ಬಾವ ಕಾಣ್ತಾನ್ರಿ ಅಕ್ಕಾರ. ಇಲ್ಲಿ ಇಪ್ಪತ್ತ ಮಂದಿ, ನಾಗಪುರದಾಗ ಮೂವತ್ತ ಮಂದಿ. ಎಲ್ಲಾರ್ನೂ ಒಂದ ಹಾಳಿ ಮ್ಯಾಲ ಇಟ್ಟು ನೋಡಾಕ ದೇಶಕ್ಕ ಯಾರರ ಒಬ್ಬರು ಬೇಕಲ್ರಿ?"

"ನೀವು ಬಂದ್ರ ಹೋಟೆಲ್ ಬಂದ್ ಮಾಡಸ್ತೀರಿ ಅಂತ ಮಂದಿ ಹೆದರತಾರಲ್ಲ?"

"ಬಂದ್ ಮಾಡೂದು ಬ್ಯಾರೆದವ್ರ ಕೆಲ್ಸ. ನಮ್ಮದು ಕೇಳೂ ಕೆಲ್ಸ."

ನಿಜಕ್ಕೂ ಅವರು ಕೇಳಿ ಕೇಳಿ ಜೀವ ತೆಗೆಯುತ್ತಿದ್ದರು. ನಮ್ಮ ಕಡೆಯವರು ಎದುರಾದರೆ "ಊಟ ಆತೇನ್ರಿ?" ಅನ್ನುತ್ತಾರೆ, ಆತು ಅಂದರೆ ಮಾತು ಮುಗಿಯಿತು. ಇವರದು ಅಲ್ಲಿಂದ ಶುರು. ಏನಿತ್ತು, ಎಷ್ಟೊತ್ತಿಗೆ ಮಾಡಿದ್ದು, ಉಳಿದದ್ದು ಎಲ್ಲಿಟ್ಟಿರಿ? ಕಾಚಿಗೂಡದಲ್ಲಿ ನಮ್ಮ ಪರಿಚಯದವರ ಮದುವೆಯಲ್ಲಿ ಮೊಸರನ್ನದ ಪಾತ್ರೆಗೆ ಥರ್ಮಾಮೀಟರ್ ಅದ್ದಿ ನಿಂತುಬಿಟ್ಟರು. ಹುಡುಗಿಯ ಸೋದರಮಾವ ಬಂದು, "ಏನ್ರಿ ಸಾಹೇಬ್ರ, ಅನ್ನಕ್ಕ ಜ್ವರ ಬಂದಾವೇನು?" ಅಂದ. ಇವರು ನಗಲಿಲ್ಲ. "ಇನ್ನೂ ಬಂದಿಲ್ರಿ. ಇನ್ನೊಂದ ತಾಸು ಇಲ್ಲೇ ಇಟ್ರ ನಿಮಗ ಬರತಾವ." ನನಗೆ ಎಷ್ಟು ಎಂಬರಾಸಿಂಗ್ ಆಗಿತ್ತೆಂದರೆ, ಇವರು ನಮ್ಮ ಬಿಲ್ಡಿಂಗಿನವರೇ ಅಲ್ಲ ಅನ್ನುವ ಹಾಗೆ ಬೇರೆ ಪಂಕ್ತಿಗೆ ಹೋಗಿ ಕೂತೆ.

ಯಜಮಾನರು ಹೋದ ಮೇಲೆ ನಾನು ಮನೆಯಲ್ಲೇ ಅಡುಗೆ ಮಾಡಿ ಮಾದಾಪುರದ ಒಂದು ಕಂಪನಿಗೆ ನಲವತ್ತು ಡಬ್ಬಿ ಕಳಿಸುತ್ತಿದ್ದೆ. ಧಾರವಾಡದ ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷು ಆ ಕಂಪನಿಯ ಆರ್ಡರ್ ತಂದುಕೊಟ್ಟಿತು. ಅಮ್ಮನಿಂದ ಕಲಿತ ಜೋಳದ ರೊಟ್ಟಿ ಅದನ್ನು ಉಳಿಸಿತು. ಯಾದಮ್ಮ ಎಂಬಾಕೆ ಜೊತೆಗಿದ್ದಳು. ಅವಳ ಮನೆಯೂ ನನ್ನ ಮನೆಯೂ ಅದರಲ್ಲೇ ನಡೆಯುತ್ತಿದ್ದವು. ಮೊದಲ ವಾರವೇ ಶಿವಶರಣಪ್ಪನವರು ಬಂದು, "ಫ್ರಿಜ್ ತೆಗೀಲೇನ್ರಿ?" ಎಂದು ಕೇಳಿದರು. ಉತ್ತರಕ್ಕೆ ಕಾಯದೆ ತೆಗೆದರು.

"ದಿನಾ ಏನೇನ್ ಮಾಡ್ತೀರಿ, ಒಂದೊಂದ ಬಟ್ಟಲಾ ಎತ್ತಿಡ್ರಿ. ಮೂರ ದಿನ. ಆಮ್ಯಾಲ ಚೆಲ್ರಿ."

"ನನ್ನ ಅಡಗಿ ಮ್ಯಾಲ ಡೌಟೇನ್ರಿ?"

"ಡೌಟ್ ಅಲ್ರಿ. ನಾಳೆ ಯಾರರ ನಿಮ್ಮ ಕಡೆ ಬೊಟ್ಟು ಮಾಡಿದ್ರ ನೀವು ಮಾತಾಡಬ್ಯಾಡ್ರಿ. ಬಟ್ಟಲಾ ಮಾತಾಡ್ತೈತಿ."

ದಿನಕ್ಕೆ ಐದು ಬಗೆ, ಮೂರು ದಿನಕ್ಕೆ ಹದಿನೈದು ಬಟ್ಟಲು. ಗಾಯಕ್ಕೆ ಹಚ್ಚುವ ಬಿಳಿ ಟೇಪಿನ ಉರುಳೆಯನ್ನು ಅವರೇ ತಂದುಕೊಟ್ಟರು. ಅದರ ಮೇಲೆ ವಾರ, ಹೊತ್ತು, ಪದಾರ್ಥದ ಹೆಸರು ಬರೆದು ಅಂಟಿಸಬೇಕು. ಪ್ರತಿ ಭಾನುವಾರ ಬಂದು ಫ್ರಿಜ್ ತೆಗೆದು ಓದುತ್ತಿದ್ದರು, ಜನ ಪೇಪರ್ ಓದುವ ಹಾಗೆ. ಕ್ವೈಟ್ ಅಬ್ಸರ್ಡ್ ಅನಿಸುತ್ತಿತ್ತು. ಆದರೂ ಇಟ್ಟೆ.

ಒಂದು ಗುರುವಾರ ಬೆಳಿಗ್ಗೆ ಯಾದಮ್ಮ, "ಅಮ್ಮಾ, ಫೋನೊಚ್ಚಿಂದಿ" ಎಂದು ಕೂಗಿದಳು. ಕಂಪನಿಯಿಂದ. ಹಿಂದಿನ ದಿನ ಸಂಜೆಯಿಂದ ಇಪ್ಪತ್ತು ಹುಡುಗ ಹುಡುಗಿಯರಿಗೆ ವಾಂತಿ, ಭೇದಿ. "ಮೇಡಂ, ನಿಮ್ಮ ಊಟ" ಅಂದಿತು ಆ ದನಿ, ಅಷ್ಟೇ. ನಾನು ಫೋನ್ ಇಟ್ಟು ನೇರ ಫ್ರಿಜ್ಜಿನ ಮುಂದೆ ಹೋಗಿ ನಿಂತೆ. ಬುಧವಾರದ ಬದನೆಕಾಯಿ ಪಲ್ಯ, ಬುಧವಾರದ ಮೊಸರು. ಅವು ಏನು ಮಾತಾಡುತ್ತವೆಯೋ ಯಾರಿಗೆ ಗೊತ್ತು? ನನ್ನ ಕೈ ನನ್ನ ಮಾತು ಕೇಳಲಿಲ್ಲ ಅಂತ ಈಗ ಹೇಳಿದರೆ ಅದೂ ಸುಳ್ಳೇ. ಚೆನ್ನಾಗಿ ಯೋಚಿಸಿಯೇ ಹದಿನೈದನ್ನೂ ಸಿಂಕಿನಲ್ಲಿ ಚೆಲ್ಲಿ, ತೊಳೆದು, ಬೋರಲು ಹಾಕಿದೆ. ಯಾದಮ್ಮ ನೋಡುತ್ತ ನಿಂತಿದ್ದಳು.

ಅರ್ಧ ಗಂಟೆಗೆ ಶಿವಶರಣಪ್ಪನವರು ಬಂದರು. ಖಾಕಿ ಚೀಲ, ಐಸಿನ ಡಬ್ಬ.

"ಬಟ್ಟಲಾ ಕೊಡ್ರಿ ಅಕ್ಕಾರ."

"ಈ ವಾರ ಎತ್ತಿಡೂದು ಮರತಬಿಟ್ಟೆನ್ರಿ. ಸೋ ಬಿಸಿ."

ಅವರು ಸಿಂಕಿನ ಕಡೆ ನೋಡಿದರು. ಬೋರಲು ಬಿದ್ದಿದ್ದ ಒಂದು ಬಟ್ಟಲಿನ ಬೆನ್ನಿಗೆ ಟೇಪು ಹಾಗೇ ಅಂಟಿಕೊಂಡಿತ್ತು. ಅದರ ಮೇಲೆದ್ದಿದ್ದ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಸರಿಮಾಡಿದರು. ಆಮೇಲೆ ನೋಟ್‌ಬುಕ್ ತೆಗೆದು ಏನೋ ಬರೆದುಕೊಂಡು, "ಆತು" ಅಂದು ಹೋದರು.

ಡಬ್ಬಿಗಳು ನಿಂತವು. ಮೋಟಾರು ನಿಂತಾಗ ಫ್ರಿಜ್ಜು ಅದುರುತ್ತಿತ್ತು, ಒಳಗೆ ಸದ್ದಿಲ್ಲ. ಆ ಸದ್ದಿಲ್ಲದಿರುವುದಕ್ಕೂ ನಾನು ತಿರುಗಿ ನೋಡುತ್ತಿದ್ದೆ. ಕೂತರೆ ಏಳಬೇಕು, ಎದ್ದರೆ ಬಾಲ್ಕನಿಗೆ ಹೋಗಬೇಕು, ಅಲ್ಲಿಂದ ಮತ್ತೆ ಒಳಗೆ. ಮೇಲಿನ ಮನೆಯ ಬಾಗಿಲ ಚಿಲಕ ಕೇಳಿದರೆ ಹೋಗಿ ನಮ್ಮ ಬಾಗಿಲಿಗೂ ಚಿಲಕ ಹಾಕುತ್ತಿದ್ದೆ. ಅವರು ಮಾತ್ರ ದಿನಾ ಕಂಪನಿಗೆ ಹೋಗಿ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳುತ್ತಿದ್ದರು. ಕಾಯಿಲೆ ಬಿದ್ದವರನ್ನಷ್ಟೇ ಅಲ್ಲ, ಬೀಳದವರನ್ನೂ. "ಆರಾಮ ಇದ್ದವ್ರನ್ಯಾಕ ಕಾಡ್ತೀರಿ ಅಂತ ಬೈತಾರ್ರಿ," ಎಂದು ಮೆಟ್ಟಿಲ ಮೇಲೆ ಸಿಕ್ಕಾಗ ಹೇಳಿದರು. "ಆರಾಮ ಇದ್ದಾವ ಏನ್ ತಿಂದಿಲ್ಲ, ಏನ್ ಕುಡದಿಲ್ಲ, ಅದ್ರಾಗ ಐತಿ ನೋಡ್ರಿ ಎಲ್ಲಾ."

ಹನ್ನೊಂದನೆಯ ದಿನ ಸಿಕ್ಕಿತು. ನನ್ನ ಊಟ ಉಂಡೂ ಆರಾಮಾಗಿದ್ದವರು ಮನೆಯಿಂದ ನೀರು ತರುತ್ತಿದ್ದವರು. ಮನೆಯ ಬುತ್ತಿ ಉಂಡೂ ಕಾಯಿಲೆ ಬಿದ್ದವರು ಆಫೀಸಿನ ನೀರು ಕುಡಿದವರು. ಅವಸರದಲ್ಲಿ ಎಬ್ಬಿಸಿದ ಕಟ್ಟಡ. ನೆಲದಡಿಯಲ್ಲಿ ನೀರಿನ ಪೈಪಿಗೂ ಗಟಾರದ ಪೈಪಿಗೂ ಒಂದು ಗೇಣು ಅಂತರವಿರಲಿಲ್ಲ, ಎರಡೂ ಒಡೆದಿದ್ದವು. ನಮ್ಮದು ಫಿಲ್ಟರ್ ನೀರು, ಹೊರಗಿನ ಊಟದ್ದೇ ತಪ್ಪು ಎಂದು ಕಂಪನಿಯವರು ಅಲ್ಲಿಯವರೆಗೆ ಟ್ಯಾಂಕನ್ನು ಮುಟ್ಟಗೊಟ್ಟಿರಲಿಲ್ಲ. ಊಟದ್ದಲ್ಲ ಎಂದು ತೋರಿಸಲು ಶಿವಶರಣಪ್ಪನವರ ಕೈಯಲ್ಲೂ ಏನೂ ಇರಲಿಲ್ಲ.

ಯಾದಮ್ಮ ದೇವರಿಗೆ ಕಾಯಿ ಒಡೆದಳು. ನನಗೆ ಸಂತೋಷಪಡಲು ಆಗಲಿಲ್ಲ. ಆ ಹನ್ನೊಂದು ದಿನವೂ ಅಲ್ಲಿ ಮನೆಯಿಂದ ನೀರು ತರದವರೆಲ್ಲ ಅದೇ ನೀರು ಕುಡಿದಿದ್ದರು. ಡಬ್ಬಿಯೊಳಗೆ "ಆಂಟೀ, ಮೋರ್ ಶೇಂಗಾ ಚಟ್ನಿ ಪ್ಲೀಸ್" ಎಂದು ಚೀಟಿ ಇಡುತ್ತಿದ್ದ ಸಿರೀಷಾ ಎಂಬ ಹುಡುಗಿ ಒಂಬತ್ತನೆಯ ದಿನ ಆಸ್ಪತ್ರೆ ಸೇರಿದಳು. ನೋಡಲು ಹೋದೆ. ಕೈಗೆ ಡ್ರಿಪ್, ತುಟಿ ಒಡೆದಿತ್ತು. "ಆಂಟೀ, ನಿಮ್ಮ ಊಟ ಅಲ್ಲ ಅಂತ ನಾನು ಅವತ್ತೇ ಹೇಳಿದ್ದೆ" ಎಂದು ನಕ್ಕಳು. ಅವಳು ಗುಣವಾದಳು. ನಾನು ಹೊರಬಂದು ಆಸ್ಪತ್ರೆಯ ಗೇಟಿನ ಬಳಿ ತುಂಬಾ ಹೊತ್ತು ಆಟೋ ಹತ್ತದೆ ನಿಂತಿದ್ದೆ.

ಶಿವಶರಣಪ್ಪನವರು ಹೇಳಿದ್ದು ಒಂದೇ ಮಾತು, ನನ್ನ ಕಡೆ ನೋಡದೆ. "ಬಟ್ಟಲಾ ಇದ್ದಿದ್ರ ನಾಕ ದಿನದಾಗ ಅಡಗಿ ಕೈಬಿಟ್ಟು ನೀರ ಹಿಡೀತಿದ್ವಿ." ಮರೆತವಳಿಗೆ ಹೇಳುವ ಮಾತೋ, ತೊಳೆದವಳಿಗೆ ಹೇಳುವ ಮಾತೋ ತಿಳಿಯಲಿಲ್ಲ. ಡಬ್ಬಿಗಳು ಮತ್ತೆ ಶುರುವಾದವು. ಬಟ್ಟಲುಗಳನ್ನೂ ತಪ್ಪದೆ ಇಟ್ಟೆ. ಭಾನುವಾರ ಅವರು ಬಂದು ಚಹಾ ಕುಡಿದು, ಏನಿತ್ತು, ಎಷ್ಟೊತ್ತಿಗೆ ಮಾಡಿದ್ದು ಎಂದು ಕೇಳಿ ಹೋಗುತ್ತಿದ್ದರು. ಫ್ರಿಜ್ ಮಾತ್ರ ತೆಗೆಯಲಿಲ್ಲ. ಎರಡು ವರ್ಷ ತೆಗೆಯಲಿಲ್ಲ. ಅದು ಝಲ್ ಎಂದಾಗ ನಾನು ಅವರ ಮುಖ ನೋಡುತ್ತಿದ್ದೆ. ಅವರು ಚಹಾದ ಕಪ್ಪು ನೋಡುತ್ತಿದ್ದರು.

ರಿಟೈರಾಗಿ ಊರಿಗೆ ಹೊರಟ ದಿನ ಮಧ್ಯಾಹ್ನ ಕಾಚಿಗೂಡ ಸ್ಟೇಷನ್ನಿಗೆ ಬುತ್ತಿ ಕಟ್ಟಿಕೊಂಡು ಹೋದೆ. ರೊಟ್ಟಿ, ಬದನೆಕಾಯಿ, ಶೇಂಗಾ ಚಟ್ನಿ. ಕಿಟಕಿಯಲ್ಲಿ ಕೊಟ್ಟೆ. ಅವರು ಅಲ್ಲೇ ಡಬ್ಬಿ ಬಿಚ್ಚಿ, ಚೀಲದಿಂದ ಮುಚ್ಚಳವಿದ್ದ ಒಂದು ಪುಟ್ಟ ಸ್ಟೀಲ್ ಬಟ್ಟಲು ತೆಗೆದು, ಪಲ್ಯ ಒಂದು ಚಮಚ, ಚಟ್ನಿ ಒಂದು ಚಿಟಿಕೆ, ರೊಟ್ಟಿಯ ಒಂದು ಚೂರು ಹಾಕಿದರು. ಟೇಪು ಹರಿದು ವಾರ, ಹೊತ್ತು ಬರೆದು ಅಂಟಿಸಿ ಕಿಟಕಿಯಿಂದ ನನ್ನ ಕೈಗಿಟ್ಟರು.

"ಇದು ನಿಮ್ಮ ಹತ್ರ ಇರ್ಲಿ. ಮೂರ ದಿನ."

"ಶಿವಶರಣಪ್ಪನವರ, ಅವತ್ತ ನಾನು..."

"ಗೊತ್ತೈತ್ರಿ ಅಕ್ಕಾರ. ಟೇಪ್ ಹಸಿ ಇತ್ತು." ಮುಖದಲ್ಲಿ ಸಿಟ್ಟಿರಲಿಲ್ಲ. ನಗುವೂ ಇರಲಿಲ್ಲ. "ಈ ಸಲ ತೊಳೀಬ್ಯಾಡ್ರಿ."

ಗಾಡಿ ಹೊರಟಿತು. ಎದುರು ಸೀಟಿನವನು ತನ್ನ ಬುತ್ತಿ ಬಿಚ್ಚುತ್ತಿದ್ದ. ಶಿವಶರಣಪ್ಪನವರು ಅವನ ಕಡೆ ಬಗ್ಗಿ ಏನೋ ಕೇಳುತ್ತಿದ್ದರು, ಕೈಯಲ್ಲಿ ಪೆನ್ನು. ನಾನು ಅವರನ್ನು ನೋಡಿದ್ದು ಅದೇ ಕೊನೆ. ನನ್ನ ಕೈಯಲ್ಲಿದ್ದ ಬಟ್ಟಲಿನ ಮುಚ್ಚಳ ಸಣ್ಣಗೆ ಝಲ್ ಎನ್ನುತ್ತಲೇ ಇತ್ತು, ಗಾಡಿ ದಾಟಿ ಹೋದ ಮೇಲೂ.