ಖಾಲಿ ಪೆಟ್ಟಿಗೆಯ ಕರಡಿ

ಪ್ರವಾಸದ ಬಸ್ಸು ಎಲ್ಲಿ ನಿಂತರೂ ಜನ ಇಳಿದು ನೋಡಲು ಹೋಗುತ್ತಾರೆ, ಡ್ರೈವರ್ ಸೀಟಿಗೊರಗಿ ನಿದ್ದೆ ಹೊಡೆಯುತ್ತಾನೆ. ಎಲ್ಲರ ಬಾಯಲ್ಲೂ 'ಮಾಮ' ಆಗಿದ್ದ ಈ ಡ್ರೈವರ್ ಇಪ್ಪತ್ತೇಳು ವರ್ಷ ಊರೂರು ಸುತ್ತಿ ಕಂಡದ್ದು ಬರೀ ಬಸ್ಸು ನಿಲ್ಲಿಸುವ ಜಾಗಗಳನ್ನು. ಈ ಸಲ ಹೆಂಡತಿ ಜೊತೆಗಿದ್ದಳು. ಪ್ರಾಣಿಗಳ ಮ್ಯೂಸಿಯಂ ಮುಂದೆ ಬಸ್ಸು ನಿಂತದ್ದೇ ತಡ, ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋದಳು.

ಒಳಗೆ ಮಬ್ಬು ಬೆಳಕು. ಸತ್ತ ಪ್ರಾಣಿಗಳ ಚರ್ಮದೊಳಗೆ ಹುಲ್ಲು ತುಂಬಿ, ಗಾಜಿನ ಕಣ್ಣಿಟ್ಟು ನಿಲ್ಲಿಸಿದ್ದರು. ಜಿಂಕೆ ದಾಟಿದರು, ತೋಳ ದಾಟಿದರು. ಮೂಲೆಯಲ್ಲಿದ್ದ ಆಳೆತ್ತರದ ಗಾಜಿನ ಪೆಟ್ಟಿಗೆಯ ಮುಂದೆ ಮಾಮ ನಿಂತ.

"ಅಬ್ಬಾ, ಎಂಥ ಕರಡಿ ನೋಡೇ!"

ಹೆಂಡತಿ ಕಿಸಕ್ಕನೆ ನಕ್ಕಳು. ಪೆಟ್ಟಿಗೆ ಖಾಲಿ. 'ದುರಸ್ತಿಗೆ ಕಳಿಸಲಾಗಿದೆ' ಎಂದು ಚೀಟಿ ಅಂಟಿಸಿದ್ದರು. ಗಾಜಿನಲ್ಲಿ ಕಾಣುತ್ತಿದ್ದದ್ದು ಕರೀ ಕೋಟು ತೊಟ್ಟ ಮಾಮನ ದಢೂತಿ ಮೈಯಷ್ಟೇ.

"ರೀ, ನಿಮ್ಮನ್ನೇ ನೋಡ್ಕೊಂಡು ಕರಡಿ ಅಂತೀರಲ್ಲ!"

ಮಾಮ ನಗಲಿಲ್ಲ. ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದ. ಅವನ ಹಣೆ ಬೆವರಿದ್ದು ಕಂಡು ಅವಳ ನಗು ನಿಂತಿತು.

"ಎಷ್ಟು ದಿನದಿಂದ?"

"ಒಂದು ವರ್ಷ ಆಯ್ತು."

"ಮತ್ತೆ ಕಣ್ಣಿನ ಪರೀಕ್ಷೆ?"

"ಮುಂದೆ ನಿಂತವರು ಓದೋದನ್ನ ಕೇಳ್ಕೊಂಡೆ. ಬೋರ್ಡಿನ ಅಕ್ಷರ ಪೂರ್ತಿ ಬಾಯಿಪಾಠ ಕಣೇ."

ಗಿಳಿಪಾಠ ಒಪ್ಪಿಸಿ ಲೈಸೆನ್ಸ್ ಉಳಿಸಿಕೊಂಡಿದ್ದ ಮಹಾರಾಯ. ಅವಳಿಗೆ ಸಿಟ್ಟು, ಅಳು ಎರಡೂ ಒಟ್ಟಿಗೇ ಬಂದವು.

"ಆರು ತಿಂಗಳ ಹಿಂದೆ ಮಗಳನ್ನೂ ಹಸುಗೂಸನ್ನೂ ಆಸ್ಪತ್ರೆಯಿಂದ ಕರ್ಕೊಂಡು ಬಂದಿದ್ದು ನೀವೇ ಅಲ್ವಾ?"

"ಅವತ್ತು ದಾರಿ ತುಂಬಾ ಮಂಜಿತ್ತಲ್ಲ. ಮೆಲ್ಲಗೇ ಬಂದೆ. ನೆನಪಿಲ್ವಾ?"

"ಮಂಜು ಇರ್ಲಿಲ್ಲ ರೀ."

ಮಾಮ ಅವಳ ಭುಜ ಹಿಡಿದುಕೊಂಡು ಮೆಟ್ಟಿಲಿಳಿದ. ಇಷ್ಟು ದಿನ ಅವನು ಹೀಗೆ ಭುಜ ಹಿಡಿಯುವುದನ್ನು ಅವಳು ಪ್ರೀತಿ ಎಂದುಕೊಂಡಿದ್ದಳು.

ಬಸ್ಸಿನ ಬಾಗಿಲಲ್ಲಿ ಪ್ರವಾಸದ ಮ್ಯಾನೇಜರ್ ಗಡಿಯಾರ ನೋಡುತ್ತ ನಿಂತಿದ್ದ.

"ಮಾಮ, ನಲವತ್ತು ಜನಾನೂ ಹತ್ತಿ ಆಯ್ತು. ಹೊರಡೋಣ್ವಾ?"

ಮಾಮ ಕೀಲಿಕೈಯನ್ನು ಅವನ ಅಂಗೈಗೆ ಹಾಕಿದ. "ಬೇರೆ ಡ್ರೈವರನ್ನ ಕರೆಸಪ್ಪ."

"ಯಾಕೆ ಮಾಮ, ಜ್ವರಾನಾ?"

ಹೂಂ ಎಂದಿದ್ದರೆ ಸಾಕಿತ್ತು. ನಾಲ್ಕು ದಿನ ಮಲಗಿ ಎದ್ದು ಮತ್ತೆ ಸ್ಟಿಯರಿಂಗ್ ಹಿಡಿಯಬಹುದಿತ್ತು.

"ಜ್ವರ ಅಲ್ಲ. ನಂಗೆ ಕಣ್ಣು ಕಾಣಲ್ಲ," ಎಂದ ಮಾಮ, ಕಿಟಕಿಯಲ್ಲಿ ಕೂತವರಿಗೂ ಕೇಳಿಸುವ ಹಾಗೆ.